ಟಕ್ಕಿಗೆ ತಕ್ಕದ್ದು

ಆ ಬಸ್ ನಿಲ್ದಾಣಕ್ಕೆ ಬಂದವರಿಗೆ ಮೊದಲು ಪರಿಚಯವಾಗುತ್ತಿದ್ದದ್ದು ಮೈಕಮ್ಮನ ದನಿ, ಮುಖ ಆಮೇಲೆ. ಧ್ವನಿವರ್ಧಕದ ಕೋಣೆಗೆ ಅವರು ಕೆಲಸಕ್ಕೆ ಸೇರಿದ ದಿನ, ಬಸ್ಸಿಗೆ ಕಾಯುತ್ತ ತೂಕಡಿಸುತ್ತಿದ್ದ ಮೇಷ್ಟ್ರೊಬ್ಬರು ಕಣ್ಣು ಬಿಟ್ಟು, "ಅಬ್ಬ, ಹಕಾರ ನುಂಗದವರು ಕೊನೆಗೂ ಒಬ್ಬರು ಬಂದರು" ಎಂದಿದ್ದರು. ಲಕಾರ ಳಕಾರಗಳು ಮೈಕಮ್ಮನ ಬಾಯಲ್ಲಿ ಎಂದೂ ಬೆರಕೆಯಾಗುತ್ತಿರಲಿಲ್ಲ. ದೀರ್ಘವೆಂದರೆ ದೀರ್ಘವೇ. ಅವರು 'ಆಗಮಿಸಲಿದೆ' ಎಂದರೆ ಸಾಕು, ಬಸ್ಸು ಬಂದೇಬಿಟ್ಟಿತೆಂದು ಜನ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು.

ಪಕ್ಕದ ಕೋಣೆ ಸಮಯಪಾಲಕನದು. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದವೇ, ಹೊರಟವೇ ಎಂದು ನೋಡುವುದು ಅವನ ಕೆಲಸ. ಎಲ್ಲರೂ ಕರೆಯುತ್ತಿದ್ದದ್ದು ಗಂಟೆರಾಯ ಎಂದು.

ತಾನೇ ಕೂಗುವ ಯಂತ್ರವೊಂದು ನಿಲ್ದಾಣಕ್ಕೆ ಬರಲಿದೆ ಎಂಬ ಸುದ್ದಿಯೊಂದಿಗೆ ಜಗಳ ಮೊದಲಾಯಿತು. ಯಾರ ದನಿಯನ್ನು ಅದರಲ್ಲಿ ತುಂಬುವರೋ ಅವರಿಗೇ ಅದರ ಉಸ್ತುವಾರಿ. ಆಯ್ಕೆಯಾಗದಿದ್ದರೆ ಮೈಕಮ್ಮ ಸಾಮಾನು ಕಾಯುವ ಕತ್ತಲೆಕೋಣೆಗೆ ಹೋಗಬೇಕು. ಗಂಟೆರಾಯನಿಗೋ ತನ್ನ ನಾದಿನಿಯನ್ನು ಆ ಕುರ್ಚಿಯಲ್ಲಿ ಕೂರಿಸುವ ಆಸೆ.

ಮೈಕಮ್ಮನಿಗೊಂದು ಚಟವಿತ್ತು. ಎರಡು ಬಸ್ಸುಗಳ ನಡುವೆ ಬಿಡುವಾದರೆ ಮೇಜಿನ ಮೇಲೆ ಮೊಣಕೈ, ಅಂಗೈ ಮೇಲೆ ಗದ್ದ, ಕಣ್ಣು ಮೊಬೈಲಿನಲ್ಲಿ. ಮನೆಯಲ್ಲೂ ಅದೇ ಭಂಗಿ. "ಕತ್ತು ಕೊಕ್ಕರೆ ಥರ ಆಗಿದೆ ಕಣೇ, ಮೀನು ಸಿಕ್ತಾ?" ಎಂದು ಅತ್ತೆ ಕೆಣಕುತ್ತಿದ್ದರು. ಬರಬರುತ್ತ, ಆಕಳಿಸಿದಾಗಲೆಲ್ಲ ಕಿವಿಯ ಮುಂದೆ ದವಡೆಯ ಕೀಲು 'ಟಕ್' ಎನ್ನತೊಡಗಿತು. ಒಂದು ದಿನ ಮೈಕಿನ ಮುಂದೆಯೇ ಹಾಗೆಂದುಬಿಟ್ಟಿತು.

ಗಂಟೆರಾಯ ಅದನ್ನು ತನ್ನ ಮೊಬೈಲಿನಲ್ಲಿ ಹಿಡಿದ. 'ಬಸ್ಸು ಟಕ್ ಆಗಮಿಸಲಿದೆ ಟಕ್' ಎಂಬುದಕ್ಕೆ ತಾಳ ಕೂಡಿಸಿ, 'ನಿಲ್ದಾಣದ ಹೊಸ ಗೋಡೆ ಗಡಿಯಾರ' ಎಂದು ಹೆಸರಿಟ್ಟು ನೌಕರರಿಗೆಲ್ಲ ಹಂಚಿದ. ವಿಡಿಯೋ ಊರೆಲ್ಲ ಸುತ್ತಿತು. ಮೈಕಮ್ಮ ಹೊರಗೆ ಕಾಲಿಟ್ಟರೆ ಕಂಡಕ್ಟರುಗಳು ನಾಲಗೆಯಿಂದ ಟಕ್ ಟಕ್ ಎನ್ನುತ್ತಿದ್ದರು.

"ಇವನಿಗೆ ನೀರು ಕುಡಿಸದೆ ಬಿಡಲ್ಲ ಅತ್ತೆ" ಎಂದು ಮೈಕಮ್ಮ ಶಪಥ ಮಾಡಿದರು. ಆದರೆ ಮಾಡಿದ್ದಿಷ್ಟೇ: ಆ ವಿಡಿಯೋವನ್ನು ಮತ್ತೆ ಮತ್ತೆ ನೋಡುವುದು, ಅದರ ಕೆಳಗೆ ಯಾರು ಯಾರು ನಕ್ಕಿದ್ದಾರೆಂದು ಓದುವುದು, ಹಲ್ಲು ಕಡಿಯುವುದು. ನಕ್ಕವರ ಹೆಸರೆಲ್ಲ ಬಾಯಿಪಾಠವಾಯಿತು. ಒಂದು ಬೆಳಗ್ಗೆ ನೋಡಿದರೆ ಬಾಯೇ ಸರಿಯಾಗಿ ತೆರೆಯಲಿಲ್ಲ. ಅಂದು ದೀರ್ಘಗಳೆಲ್ಲ ಹ್ರಸ್ವವಾದವು. 'ಆಗಮಿಸಲಿದೆ' ಹೋಗಿ 'ಅಗಮಿಸಲಿದೆ' ಆಯಿತು. ಗೋಡೆಯಾಚೆ ಗಂಟೆರಾಯ ಬಿದ್ದು ಬಿದ್ದು ನಗುವುದು ಕೇಳಿಸಿತು.

ಹಲ್ಲಿನ ಡಾಕ್ಟರಮ್ಮ ಎರಡು ಕಿವಿಗಳ ಮುಂದೆಯೂ ಬೆರಳೊತ್ತಿ ನೋಡಿ ಕೇಳಿದರು: "ಹಲ್ಲು ಮಸೀತೀರಾ?"

ಮೈಕಮ್ಮ ಬೆಚ್ಚಿದರು. "ಯಾರು ಹೇಳಿದ್ರು ನಿಮಗೆ? ಅವನೇನಾದ್ರೂ ಬಂದಿದ್ನಾ?"

"ಯಾರು?"

"ಗಂಟೆರಾಯ! ಮಸೀದೆ ಇರ್ತೀನಾ ಡಾಕ್ಟ್ರೇ? ಅವನ ಮಾನ ಬೀದಿಪಾಲು ಮಾಡೋವರೆಗೂ ಮಸೀತೀನಿ."

ಡಾಕ್ಟರಮ್ಮ ನಗು ಕಾಣದಿರಲೆಂದು ಮುಖಗವಸನ್ನು ಮೇಲೆಳೆದುಕೊಂಡರು. "ದ್ವೇಷದ ಮಾತಲ್ಲ ಅಮ್ಮ. ನಿಜವಾಗ್ಲೂ ಹಲ್ಲಿಗೆ ಹಲ್ಲು ಉಜ್ಜುತ್ತೀರಾ ಅಂತ ಕೇಳಿದೆ. ಸವೆದಿದೆ, ನೋಡಿ" ಎಂದು ಕನ್ನಡಿ ಕೊಟ್ಟರು.

ಮೈಕಮ್ಮ ನೋಡಿದರು. ತಮ್ಮ ಮಟ್ಟಿಗೆ ಎರಡು ಅರ್ಥವೂ ಒಂದೇ ಆಗಿಹೋಗಿತ್ತು.

"ಫೋನೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಕತ್ತು ಬಗ್ಗಿಸಿ, ಗದ್ದಕ್ಕೆ ಕೈ ಕೊಟ್ಟು, ಹಲ್ಲು ಬಿಗಿಹಿಡಿದು ಗಂಟೆಗಟ್ಟಲೆ ಕೂತ್ರೆ ಕೀಲು ದಣಿಯಲ್ವಾ? ತುಟಿ ಸೇರಿರಲಿ, ಹಲ್ಲು ದೂರ ಇರಲಿ. ಸ್ವಲ್ಪ ದಿನ ಮೆತ್ತಗಿರೋದು ತಿನ್ನಿ. ಫೋನು ದೂರ ಇಡಿ."

"ಹಲ್ಲು ದೂರ ಇಟ್ಕೊಂಡು ಸೇಡು ತೀರಿಸ್ಕೊಳ್ಳೋದು ಹೇಗೆ?"

"ಅದಕ್ಕೆ ನನ್ನ ಹತ್ರ ಔಷಧಿ ಇಲ್ಲಮ್ಮ."

ಔಷಧಿ ಅತ್ತೆಯ ಹತ್ತಿರವಿತ್ತು. "ಇಷ್ಟು ದಿನ ಹಲ್ಲು ಕಡಿದ್ಯಲ್ಲ, ಅವನಿಗೆಲ್ಲಾದ್ರೂ ನೋವಾಯ್ತಾ? ನೋವು ನಿನ್ನ ದವಡೆಗೆ, ಚಹಾ ಅವನ ಗಂಟಲಿಗೆ. ಕೊಡು ಇಲ್ಲಿ" ಎಂದು ಮೊಬೈಲನ್ನು ಕಿತ್ತುಕೊಂಡು ತಮ್ಮ ಕಪಾಟಿನಲ್ಲಿಟ್ಟು ಬೀಗ ಜಡಿದರು.

ಕೀಲು ಒಂದೇ ಏಟಿಗೆ ಸರಿಹೋಗಲಿಲ್ಲ. ಬಿಸಿನೀರಿನ ಬಟ್ಟೆಯ ಕಾವು, ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮ, ಮೆತ್ತಗಿನ ಗಂಜಿ. ಕನ್ನಡಿಯ ಮುಂದೆ ಮೆಲ್ಲಗೆ ಅ, ಆ ಎಂದು ಅಕ್ಷರಾಭ್ಯಾಸವನ್ನು ಮತ್ತೆ ಮೊದಲಿನಿಂದ ಮಾಡಿದಂತಾಯಿತು.

ಕೆಲಸದ ಕೋಣೆಯಲ್ಲಿ ಕೈಯಲ್ಲಿ ಮೊಬೈಲಿಲ್ಲ. ತಲೆಯೆತ್ತಿ ಕೂತ ಮೈಕಮ್ಮನಿಗೆ ಅಷ್ಟು ವರ್ಷ ಕಾಣದಿದ್ದ ಕಿಟಕಿ ಕಂಡಿತು. ಕಿಟಕಿಯಾಚೆ ಚಹಾದಂಗಡಿ. ಬಸ್ಸು ಬರುವ ಹೊತ್ತಾದರೂ ಅಂಗಡಿಯ ಬೆಂಚಿನ ಮೇಲೆ ಗಂಟೆರಾಯ, ಖಾಲಿಯಾದರೂ ಕೈಬಿಡದ ಲೋಟ. ಅವನ ಕೋಣೆಯ ಬಾಗಿಲಲ್ಲಿ ಡ್ರೈವರುಗಳು ಅವನಿಗಾಗಿ ಕಾಯುತ್ತ ನಿಂತಿರುತ್ತಿದ್ದರು. ಮೈಕಮ್ಮ ಹಲ್ಲು ಕಡಿಯಲಿಲ್ಲ. ಮೊದಲ ಸಲ, ತುಟಿ ಸೇರಿಸಿಕೊಂಡೇ ನಕ್ಕರು.

ದನಿ ಪರೀಕ್ಷೆಯ ದಿನ ಗಂಟೆರಾಯ ಕಿವಿ ನಿಮಿರಿಸಿ ಬಾಗಿಲಲ್ಲೇ ನಿಂತಿದ್ದ. ನಾದಿನಿಯ ದನಿ ಇಂಪಾಗಿತ್ತು, ಆದರೆ ಊರುಗಳ ಹೆಸರೆಲ್ಲ ಒಂದೇ ಉಸಿರಿನಲ್ಲಿ ಹರಿದುಹೋದವು. ಮೈಕಮ್ಮ 'ಆಗಮಿಸಲಿದೆ' ಎಂದರು. ಆಕಾರಕ್ಕೆ ಸಲ್ಲಬೇಕಾದಷ್ಟು ಬಾಯಿ ತೆರೆಯಿತು, ಕೀಲು ತುಟಿಪಿಟಕ್ಕೆನ್ನಲಿಲ್ಲ. ಪರೀಕ್ಷೆ ನಡೆಸುತ್ತಿದ್ದ ಸಾಹೇಬರು ತಲೆದೂಗಿ, "ಇನ್ನೇನಾದ್ರೂ ತುಂಬಬೇಕಾ?" ಎಂದು ಕೇಳಿದರು.

"ಒಂದಿದೆ ಸಾರ್, ಪ್ರಯಾಣಿಕರ ಅನುಕೂಲಕ್ಕೆ" ಎಂದು ಮೈಕಮ್ಮ ಜೇನಿನಂಥ ದನಿಯಲ್ಲಿ ನುಡಿದರು: "ಸಮಯಪಾಲಕರು ಎಲ್ಲಿದ್ದರೂ ಕೂಡಲೇ ತಮ್ಮ ಕೋಣೆಗೆ ಆಗಮಿಸತಕ್ಕದ್ದು."

"ಆಗಮಿಸಬೇಕಾಗಿ ವಿನಂತಿ ಅಂದ್ರೆ ಸಾಕಲ್ವಾ?"

"ವಿನಂತಿ ಅಂದ್ರೆ ಬಂದ್ರೂ ಬರಬಹುದು, ಬಿಟ್ರೂ ಬಿಡಬಹುದು ಸಾರ್. ತಕ್ಕದ್ದು ಅಂದ್ರೆ ಬರಲೇಬೇಕು."

ಸಾಹೇಬರು ಒಪ್ಪಿದರು. ಬಾಗಿಲಲ್ಲಿದ್ದ ಗಂಟೆರಾಯನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಈಗ ಯಂತ್ರದ ಮುಂದೆ ಕೂತಿರುವವರು ಮೈಕಮ್ಮನೇ. ಮೊಬೈಲನ್ನು ಸಂಜೆ ಸ್ವಲ್ಪ ಹೊತ್ತು ಅತ್ತೆ ಕೊಡುತ್ತಾರೆ. ಆ ವಿಡಿಯೋ ಹುಡುಕುವ ಗೊಡವೆ ಇಲ್ಲ. ಕಂಡಕ್ಟರುಗಳು 'ಟಕ್' ಎನ್ನುವುದನ್ನು ಬಿಟ್ಟು, ಗಂಟೆರಾಯ ಎದುರಾದರೆ 'ತಕ್ಕದ್ದು' ಎಂದು ಕೂಗುತ್ತಾರೆ. ಮೊನ್ನೆ ಅವನೇ ಕಿಟಕಿಗೆ ಬಂದು ಕೈಮುಗಿದ. "ಒಂದು ಲೋಟ ಚಹಾ ಆದ್ರೂ ನೆಮ್ಮದಿಯಾಗಿ ಕುಡಿಯಕ್ಕೆ ಬಿಡಿ ಮೈಕಮ್ಮ."

"ನಾನೆಲ್ಲಪ್ಪ ಕೂಗ್ತೀನಿ? ಯಂತ್ರ ಕೂಗುತ್ತೆ."

ಅವನು ಅಂಗಡಿಯತ್ತ ನಡೆದ. ಮೈಕಮ್ಮ ಅವಸರಪಡಲಿಲ್ಲ. ಅವನು ಕೂರಲಿ, ಚಹಾ ಬರಲಿ, ಬಿಸಿ ಲೋಟ ತುಟಿಗೆ ತಾಗಲಿ ಎಂದು ಕಾದರು. ದಿನವೂ ಹಾಗೆಯೇ ಕಾಯುತ್ತಾರೆ. ತುಟಿ ಸೇರಿರುತ್ತದೆ, ಹಲ್ಲು ದೂರವಿರುತ್ತದೆ, ಬೆರಳು ಗುಂಡಿಯ ಮೇಲಿರುತ್ತದೆ.