ಮಂಜಣ್ಣನ ಮೈಕ್ ಟೆಸ್ಟಿಂಗ್

ಮೈಕ್ ಕೈಗೆ ಬಂದರೆ ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಮಂಜಣ್ಣ ಎಂದೂ ಹೇಳಿದವರಲ್ಲ. ಎದುರಿಗೆ ಸಿಕ್ಕಿದವರ ಮೇಲೇ ಅವರ ಟೆಸ್ಟಿಂಗ್. ಒಮ್ಮೆ ಪಂದ್ಯ ಉದ್ಘಾಟಿಸಲು ಬಂದ ಮುಖಂಡರೊಬ್ಬರು ವೇದಿಕೆಯಲ್ಲಿ ಕೈಬೀಸುತ್ತ ನಿಂತೇ ಇದ್ದರು. "ಹ್ವಾಯ್, ಬಿಳಿ ಪಂಚೆಯರೇ, ಕೂಕಣಿ. ನಿಲ್ಲುದ್ ಎಲೆಕ್ಷನಿಗೆ ಸಾಕ್" ಎಂದರು ಮಂಜಣ್ಣ. ಮೈದಾನವಿಡೀ ನಕ್ಕಿತು. ಮುಖಂಡರೂ ನಕ್ಕರು.

ನಕ್ಕರು ಎನ್ನುವುದಕ್ಕಿಂತ ನಗಲೇಬೇಕಿತ್ತು. ನಮ್ಮ ಕಡೆಯ ಕ್ರಿಕೆಟ್, ವಾಲಿಬಾಲ್ ಪಂದ್ಯಾಟಗಳಲ್ಲಿ ವೀಕ್ಷಕ ವಿವರಣೆ ಕೊಡುವವನಿಗೆ ಅತಿಥಿಯ ಕಾಲೆಳೆಯುವ ಸಲಿಗೆ ಉಂಟು. ಸಿಟ್ಟಾದ ಅತಿಥಿಯನ್ನು ಮರುವರ್ಷ ಯಾರೂ ಕರೆಯುವುದಿಲ್ಲ.

ಹಾಲಾಡಿಯಲ್ಲಿ ನನ್ನದು ಮೈಕ್, ಲೈಟಿನ ಅಂಗಡಿ. ಒಂದು ಹಳೇ ಆಂಪ್ಲಿಫೈಯರ್‌ನಿಂದ ಶುರುಮಾಡಿ ಚೌಕಾಸಿಯಿಂದಲೇ ಮೇಲೆ ಬಂದವನು. ನನ್ನ ಮೈಕ್, ಮಂಜಣ್ಣನ ಬಾಯಿ ಎಂದರೆ ಊರೂರಿಗೆ ಗೊತ್ತಿದ್ದ ಜೋಡಿ. ಅಂಗಡಿಯ ಪ್ರಚಾರಕ್ಕೆಂದು ಫೇಸ್‌ಬುಕ್ ಪೇಜು ತೆರೆದೆ, ಮಾತೆಲ್ಲ ಅವರದೇ. ಮೈದಾನದ ಸಲಿಗೆ ಅಲ್ಲಿಯೂ ನಡೆಯುತ್ತದೆ ಎಂದು ಅವರು ನಂಬಿದ್ದರು.

ಸಿದ್ದಾಪುರದ ರಸ್ತೆಯ ಹೊಸ ಡಾಂಬರು ಮೊದಲ ಮಳೆಗೇ ಎದ್ದುಹೋದಾಗ ಗುಂಡಿಯ ಬದಿಯಲ್ಲಿ ನಿಂತು ವಿವರಣೆ ಕೊಟ್ಟರು. "ಇದ್ ಕಾಣಿ ಪಿಚ್ ರಿಪೋರ್ಟ್. ಡಾಂಬರ್ ಮೇಲೂ ಇಲ್ಲ, ಅಡಿಗೂ ಇಲ್ಲ. ಬಿಲ್ಲಿನೊಳಗ್ ಮಾತ್ರ ಇತ್ತ್." ತಾಲೂಕಿಗೆ ತಾಲೂಕೇ ಹಂಚಿಕೊಂಡಿತು. ಬೆನ್ನಿಗೇ ಮಂಜಣ್ಣನಿಗೆ ಠಾಣೆಯಿಂದ ಫೋನು: ಸರ್ಕಾರದ ಹೆಸರು ಕೆಡಿಸುವ ವಿಡಿಯೋ, ತೆಗೆಯದಿದ್ದರೆ ಕೇಸು, ಸೋಮವಾರ ಬಂದು ಹೇಳಿಕೆ ಕೊಡಿ.

ಇಂಥ ಫೋನು ನಿಮಗೂ ಬಂದೀತು, ಕೇಳಿಟ್ಟುಕೊಳ್ಳಿ. ಬಾಯಿಮಾತಿನ ಹುಕುಮಿಗೆ ತಲೆ ಆಡಿಸಬಾರದು. ಮಂಜಣ್ಣನಿಗೂ ಅದನ್ನೇ ಹೇಳಿದೆ. "ಹೆದ್ರುಕಾಗ. ಯಾವ ಕಾನೂನ್ ಅಂದೇಳಿ ಬರ್ದ್ ಕೊಡಿ ಅಂಬ. ತೆಗೂದಾ ಬ್ಯಾಡ್ದಾ ಆಮೇಲ್ ಕಾಂಬ."

"ನಂಗೆಂತ ಹೆದ್ರಿಕೆ ಮಾರಾಯಾ? ನೀನ್ ಒಟ್ಟಿಗಿದ್ರೆ ಸೈ" ಎಂದರು.

ಸೋಮವಾರ ಒಟ್ಟಿಗೆ ಠಾಣೆಗೆ ಹೋಗಲು ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಅವರು ಬರಲಿಲ್ಲ, ಅವರ ವಿಡಿಯೋ ಬಂತು. ಭಾನುವಾರವೇ ಒಬ್ಬರೇ ಹೋಗಿದ್ದರು. ಇಸ್ತ್ರಿ ಅಂಗಿ, ಕೈಯಲ್ಲಿ ಕಾಗದ. "ಸದರಿ ವಿಡಿಯೋವನ್ನು ಧ್ವನಿವರ್ಧಕ ಅಂಗಡಿಯ ಮಾಲೀಕರ ಒತ್ತಾಯದ ಮೇರೆಗೆ ಮಾಡಿದ್ದು, ಸಾರ್ವಜನಿಕರ ಕ್ಷಮೆ ಯಾಚಿಸುತ್ತೇನೆ." ನನ್ನ ಹೆಸರನ್ನೂ ಓದಿದರು. ಮಂಜಣ್ಣನ ಬಾಯಲ್ಲಿ ‘ಸದರಿ’!

ಪೇಜು ಹೋಯಿತು. ಮೈಕ್ ಕಟ್ಟುವುದಕ್ಕೆ ಠಾಣೆಯ ಪರವಾನಗಿ ಬೇಕಷ್ಟೆ. ನನ್ನ ಅಂಗಡಿಯ ಹೆಸರು ಕಂಡರೆ ‘ನಾಳೆ ಬನ್ನಿ’. ಪಂದ್ಯಾಟದವರು ತೆಕ್ಕಟ್ಟೆಯ ಸೌಂಡಿನವರ ಹತ್ತಿರ ಹೋದರು. ವಿವರಣೆಗೆ ಮಂಜಣ್ಣನೂ ಅವರ ಜೊತೆಗೇ ಹೋದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಗೆ ಬಂದರು. "ತೆಕ್ಕಟ್ಟೆಯರ ಮೈಕಿಗೆ ನನ್ ಸ್ವರ ಕೂಡುದಿಲ್ಲ. ಆ ಹಳೇ ಮೈಕ್ ಕೊಡ್ತ್ಯಾ? ಬಾಡ್ಗಿ ಎಷ್ಟಾದ್ರೂ ಅಕ್ಕ್."

"ಬಾಡ್ಗಿ ಬ್ಯಾಡ. ನನ್ ಹೆಸ್ರ್ ಎಂತಕ್ ಹೇಳಿದ್ರಿ, ಅಷ್ಟ್ ಹೇಳಿ."

ಅವರು ಕೇಬಲ್ ಸುರುಳಿಯನ್ನೇ ನೋಡುತ್ತ ಕೂತರು. "ಇನ್ ಯಾವ ಗ್ರೌಂಡಿನಗೂ ಮೈಕ್ ಹಿಡುಕೆ ಬಿಡುದಿಲ್ಲ ಅಂದ್ರ್ ಪೊಲೀಸ್ರ್. ಅವ್ರಿಗ್ ಒಂದ್ ಹೆಸ್ರ್ ಬೇಕಿತ್ತ್. ನೀನಾರೆ ಚೌಕಾಸಿ ಮಾಡಿ ಹ್ಯಾಂಗಾರೂ ಬಚಾವಾತೆ ಅಂದ್ಕಂಡೆ."

ನಾನು ಹಳೇ ಮೈಕನ್ನು ಅಂಗಡಿಯ ಸ್ಪೀಕರಿಗೆ ಸಿಕ್ಕಿಸಿ ಕೈಗೆ ಕೊಟ್ಟೆ. ಎದುರಿನ ರಸ್ತೆಯಲ್ಲಿ ಅದೇ ಬಿಳಿ ಪಂಚೆಯ ಮುಖಂಡರು ಕಾರಿನಿಂದ ಇಳಿಯುತ್ತಿದ್ದರು. ಮಂಜಣ್ಣ ಅವರನ್ನು ನೋಡಿದರು. ಒಂದು ಮಾತು ಬಂದೀತು ಎಂದು ನಾನು ಕಾದೆ.

ಮಂಜಣ್ಣ ರಸ್ತೆಗೆ ಬೆನ್ನು ಹಾಕಿದರು. "ಹಲೋ, ಮೈಕ್ ಟೆಸ್ಟಿಂಗ್. ವನ್, ಟೂ, ತ್ರೀ."

ಸ್ವರವೇನೋ ಸರಿಯಾಗಿಯೇ ಇತ್ತು. ಬಾಡಿಗೆ ಮುಂಗಡ ಕೊಡಿ ಎಂದೆ. ಪರಿಚಯವಿಲ್ಲದ ಗಿರಾಕಿಗೆ ನಮ್ಮ ಅಂಗಡಿಯಲ್ಲಿ ಅದೇ ರೂಢಿ.