ಅಪ್ಪನಿಗೆ ಏಕವಚನ

ಪರ್ಕಳದ ಬಾಡಿಗೆ ಕೋಣೆಯಲ್ಲಿ ನಾನು ಸಂಜೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಹಿರಿಯಡ್ಕದಿಂದ ಬರುತ್ತಿದ್ದ ನರ್ಸ್ ಒಬ್ಬಳಿಗೆ ಗಲ್ಫಿನ ಆಸ್ಪತ್ರೆಯೊಂದರ ಫೋನ್ ಸಂದರ್ಶನವಿತ್ತು. ಅಲ್ಲಿಯ ವಯಸ್ಸಿನ ಮಿತಿ ನೋಡಿದರೆ ಅದೇ ಅವಳ ಕೊನೆಯ ಅವಕಾಶ. ಉಳಿದ ವ್ಯಾಕರಣವೆಲ್ಲ ಚೆನ್ನಾಗಿತ್ತು. ಹಿರಿಯರ ಮಾತು ಬಂದರೆ ಮಾತ್ರ "ಮೈ ಫಾದರ್ ಆರ್" ಎಂದುಬಿಡುತ್ತಿದ್ದಳು.

"ಅಪ್ಪ ಒಬ್ಬರೇ ಅಲ್ವಾ? ಈಸ್ ಅನ್ನಬೇಕು."

"ಅಪ್ಪನಿಗೆ ಏಕವಚನವಾ ಸರ್? ನಾಯಿಗೆ ಹೇಳಿದ ಹಾಗೆ ಆಗ್ತದೆ."

"ಇಂಗ್ಲಿಷಿನಲ್ಲಿ ರಾಜನಿಗೂ ನಾಯಿಗೂ ಒಂದೇ ಮಾರಾಯ್ತಿ."

ಅವಳು ನಕ್ಕಳು ಎಂದು ನನ್ನ ನೆನಪು.

ಸಂದರ್ಶನದಲ್ಲಿ ವಯಸ್ಸಾದ ರೋಗಿಯೊಬ್ಬರ ಸ್ಥಿತಿ ವಿವರಿಸಲು ಹೇಳಿದರಂತೆ. "ದ ಪೇಷೆಂಟ್" ಎಂದವಳು ಅಲ್ಲೇ ನಿಂತುಬಿಟ್ಟಳು. ಬಾಯಿಗೆ ಬಂದದ್ದು ಆರ್, ನೆನಪಾದದ್ದು ಈಸ್. ಎರಡರಲ್ಲಿ ಒಂದೂ ಹೊರಡಲಿಲ್ಲ. ಆ ಕಡೆಯವರು ಸ್ವಲ್ಪ ಕಾದು ಕರೆ ಮುಗಿಸಿದರು.

ತಪ್ಪಾದರೂ ಚಿಂತೆಯಿಲ್ಲ, ಮಾತು ನಿಲ್ಲಿಸಬೇಡ ಎಂದು ಸಂದರ್ಶನದ ಹಿಂದಿನ ದಿನ ನಾನು ಹೇಳಿದ್ದೆ. ಹಾಗೆಂದೇ ನಂಬಿದ್ದೆ. ಕರೆ ಮುಗಿದ ಸಂಜೆ ಕೋಣೆಗೆ ಬಂದ ಅವಳು ಮಾತ್ರ, "ಒಂದು ತಪ್ಪಾದರೂ ಫೋನ್ ಇಟ್ಟುಬಿಡ್ತಾರೆ ಅಂತ ನೀವೇ ಹೇಳಿದ್ದಲ್ವಾ ಸರ್?" ಎಂದಳು. ದೂರುವ ದನಿ ಅದಾಗಿರಲಿಲ್ಲ. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಈಗ ಎರಡು ಮಾತೂ ನನ್ನದೇ ದನಿಯಲ್ಲಿ ಕೇಳಿಸುತ್ತವೆ, ಎರಡಕ್ಕೂ ಸಾಕ್ಷ್ಯವಿಲ್ಲ.

ನಾಳೆಯಿಂದ ಮತ್ತೆ ಬಾ, ಬೇರೆ ಕಡೆ ನೋಡೋಣ ಎಂದೆ.

"ಇನ್ನು ಎಂತಕ್ಕೆ ಸರ್," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.