ಬಿಳಿ ಪಟ್ಟಿಯ ಪಂಚೆ

ಒಂದಾನೊಂದು ಕಡಲ ನಡುವೆ ಒಂದು ನಾಡಿತ್ತಂತೆ. ಅಲ್ಲಿ ದೊರೆ ಬದಲಾದಾಗಲೆಲ್ಲ ಜನರ ಮೈಮೇಲಿನ ಬಟ್ಟೆಯೂ ಬದಲಾಗಬೇಕಿತ್ತಂತೆ. "ಒಬ್ಬ ಬಂದು ಮೈ ಮುಚ್ಚು ಅಂದ, ಇನ್ನೊಬ್ಬ ಬಾಯಿ ಮುಚ್ಚು ಅಂದ" ಎಂದು ಸಲೋತೆ ಅಜ್ಜಿ ಕಥೆ ಶುರುಮಾಡುತ್ತಾಳೆ. ಆ ನಾಡು ಸಮೋವಾ. ಕೇಳುತ್ತಾ ಹೊಲಿಯುವವಳು ಮೊಮ್ಮಗಳು ಲೂಪೆ.

ರಾಜಧಾನಿ ಆಪಿಯಾದ ಮೀನುಪೇಟೆಯ ಹಿಂದೆ, ಬೆಳಕು ಹರಿಯುವ ಮುಂಚೆಯೇ ಲೂಪೆಯ ಹೊಲಿಗೆಯಂತ್ರ ಸದ್ದು ಮಾಡುತ್ತದೆ. ಪ್ರತಿ ಬೆಳಿಗ್ಗೆ ಬಾವುಟ ಏರಿಸಲು ಹೋಗುವ ಪೊಲೀಸ್ ಬ್ಯಾಂಡಿನವರ ಸಮವಸ್ತ್ರದ ಪಂಚೆಗಳೆಲ್ಲ ಮೂವತ್ತು ವರ್ಷದಿಂದ ಅವಳ ಕೈಯವೇ. ಬೀದಿಯ ಜನ ತಾಳಕ್ಕೆ ತಲೆದೂಗುತ್ತಾರೆ. ಪಂಚೆ ಹೊಲಿದವರು ಯಾರೆಂದು ಕೇಳುವವರಿಲ್ಲ.

ಅವಳಿಂದ ಮುಗಿಯದ ಹೊಲಿಗೆ ಒಂದೇ. ಹಿಂದೆ ನಾಡನ್ನಾಳಿದ ಜರ್ಮನ್ನರು ಊರ ಹಿರಿಯರನ್ನು ಗಡೀಪಾರು ಮಾಡಿದ್ದರು. ಆಮೇಲೆ ಬಂದ ನ್ಯೂಜಿಲೆಂಡಿನವರು, ಸ್ವಂತ ಆಳ್ವಿಕೆ ಕೇಳಿದವರು ಉಡುತ್ತಿದ್ದ ಬಿಳಿ ಪಟ್ಟಿಯ ನೀಲಿ ಪಂಚೆಯನ್ನೇ ನಿಷೇಧಿಸಿದರು. ಅಜ್ಜಿ ಪುಟ್ಟ ಹುಡುಗಿಯಾಗಿದ್ದಾಗ ಪೊಲೀಸರು ಅವಳಪ್ಪನ ಪಂಚೆಯ ಪಟ್ಟಿ ಕಿತ್ತರು. ನೀಲಿ ಬಟ್ಟೆ ಉಳಿಯಿತು, ಸೂಜಿಯ ತೂತುಗಳೂ ಉಳಿದವು. ಸ್ವಾತಂತ್ರ್ಯ ಬಂದು ಎಷ್ಟೋ ಕಾಲವಾದರೂ ಅದು ಮನೆಯೊಳಗೇ, ಬೇರೆ ಬಟ್ಟೆಗಳ ಅಡಿಯಲ್ಲೇ ಒಣಗುತ್ತದೆ.

ಅಜ್ಜಿಯ ಕಣ್ಣೆದುರೇ ಪಟ್ಟಿ ಹಚ್ಚಿಕೊಡುತ್ತೇನೆಂದು ಲೂಪೆ ಮಾತು ಕೊಟ್ಟಿದ್ದಾಳೆ. ಆದರೆ ಬ್ಯಾಂಡಿನ ಡೋಲು ಕೇಳಿದೊಡನೆ ನೂರರ ಹತ್ತಿರದ ಅಜ್ಜಿ ಬಟ್ಟೆ ಕಸಿದು ಚಾಪೆಯಡಿ ತುರುಕುತ್ತಾಳೆ. "ಪೊಲೀಸ್ನೋರು ಬಂದ್ರು ಕಣೆ."

"ಈಚೆಗೆ ಅಜ್ಜಿಗೆ ಉಸಿರು ಕಟ್ತಿದೆ. ನನ್ನ ಮಾತು ಉಳಿಯುತ್ತೋ ಇಲ್ವೋ" ಎನ್ನುತ್ತಾಳೆ ಲೂಪೆ.

ಈ ಶುಕ್ರವಾರ ಬೆಳಿಗ್ಗೆ ಬ್ಯಾಂಡಿನ ಹವಾಲ್ದಾರ ಯೋಸೆಫೊ ಪಂಚೆಯ ಸೊಂಟ ಸಡಿಲಿಸಿಕೊಳ್ಳಲು ಬರುತ್ತಾನೆ.

"ಪಂಚೆ ಕುಗ್ಗಿದೆ ಅಕ್ಕ."

"ಹೌದಪ್ಪ, ಹೊಟ್ಟೆ ಇದ್ದ ಹಾಗೇ ಇದೆ."

ಸಮವಸ್ತ್ರ ಕಂಡ ಅಜ್ಜಿ ನೀಲಿ ಬಟ್ಟೆಯ ಮೇಲೆ ಕುಳಿತೇಬಿಡುತ್ತಾಳೆ. ಲೂಪೆಯಿಂದ ಸಂಗತಿ ಕೇಳಿದ ಯೋಸೆಫೊ ಟೋಪಿ ತೆಗೆದು, ಅಜ್ಜಿಯೆದುರು ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. "ಅಜ್ಜಿ, ಪಟ್ಟಿ ತುದಿ ನಾನು ಹಿಡ್ಕೊಳ್ಲಾ?"

"ನಿನ್ನ ದೊರೆ ಹೊಡೆಯಲ್ವೇನೋ?"

"ನನಗೆ ದೊರೆ ಅಂದ್ರೆ ನನ್ನ ಹೆಂಡ್ತಿ. ಸೊಟ್ಟ ಹಿಡಿದ್ರೆ ಹೊಡೀತಾಳೆ."

ಅಜ್ಜಿ ನಗುತ್ತಾಳೆ, ಸ್ವಲ್ಪ ಸರಿಯುತ್ತಾಳೆ. ಲೂಪೆ ಯಂತ್ರ ಬಿಟ್ಟು ಕೈಸೂಜಿ ಹಿಡಿದು, ಹಳೆಯ ತೂತುಗಳಲ್ಲೇ ದಾರ ಹಾಯಿಸುತ್ತಾಳೆ. ಹೊರಗೆ ಡೋಲು ಶುರುವಾಗುತ್ತದೆ. "ನನ್ನ ಬಿಟ್ಟೇ ಹೊರಟ್ರು" ಎನ್ನುವ ಯೋಸೆಫೊ ತುದಿ ಬಿಡುವುದಿಲ್ಲ. ಅಜ್ಜಿಯ ಕೈ ಬಟ್ಟೆಯತ್ತ ಬರುತ್ತದೆ. ಪಟ್ಟಿಯನ್ನು ಸವರಿ ಅಲ್ಲೇ ನಿಲ್ಲುತ್ತದೆ.

ಲೂಪೆ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ.

"ತೊಳೆದು ಹೊರಗೆ ಹಾಕೆ" ಎನ್ನುತ್ತಾಳೆ ಅಜ್ಜಿ. "ರಸ್ತೆ ಕಡೆ ತಂತಿಗೆ."